ಒಂದೇ ಫೋನಿಗೆ ಒಲಿಯುವ ಬೋರ್ಡು

ಉಷಾರಾಣಿಯನ್ನು ಯಾರಾದರೂ "ಊಟ ಆಯ್ತಾ?" ಎಂದು ಕೇಳಿ ಎಷ್ಟು ಕಾಲವಾಗಿತ್ತೆಂದರೆ, ಕೊನೆಗೆ ಆ ಮಾತನ್ನು ಅವಳೇ ಒಂದು ಬೋರ್ಡಿಗೆ ಹೇಳಿಕೊಟ್ಟಳು.

ನಗುವವರು ನಗಲಿ. ವಯಸ್ಸು ನಲವತ್ತರ ಹತ್ತಿರ ಬಂದು, ಮದುವೆಯ ಮಾತು ತಾನಾಗಿಯೇ ನಿಂತುಹೋಗಿ, ಮುಳಬಾಗಿಲಿನ ಅಣ್ಣ ಅತ್ತಿಗೆಗೆ ಹಬ್ಬ ಬಂದಾಗ ಮಾತ್ರ ನೆನಪಾಗುವ ಹೆಂಗಸು ಬಾಡಿಗೆ ಕೋಣೆಯಲ್ಲಿ ಏನು ಮಾಡಿಕೊಂಡಿರಬೇಕು ಎಂದು ಹೇಳಿಕೊಡಲು ಯಾರೂ ಬರುವುದಿಲ್ಲ. ಏನು ಮಾಡಬಾರದು ಎಂದು ಹೇಳುವುದಕ್ಕೆ ಮಾತ್ರ ಊರೆಲ್ಲ ಇರುತ್ತದೆ. ಉಷಾರಾಣಿ ಯಾರನ್ನೂ ಕೇಳಲಿಲ್ಲ. ತನ್ನ ಪಾಡಿಗೆ ತಾನು ಒಂದು ಹವ್ಯಾಸ ಹಚ್ಚಿಕೊಂಡಳು.

ಅವಳಿಗೆ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಕರೆಂಟು ಮೀಟರುಗಳ ಒಳಗೆ ಕೂರುವ ಎಲೆಕ್ಟ್ರಾನಿಕ್ ಬೋರ್ಡುಗಳನ್ನು ಪರೀಕ್ಷಿಸುವ ಮೇಜು ಅವಳದು. ಬೋರ್ಡು ಬರುತ್ತದೆ, ಅಚ್ಚಿನಲ್ಲಿ ಕೂರಿಸಬೇಕು, ಹಸಿರು ದೀಪ ಹತ್ತಿದರೆ ಈ ಕಡೆಯ ಟ್ರೇಗೆ, ಕೆಂಪು ಹತ್ತಿದರೆ ಆ ಕಡೆಯ ಟ್ರೇಗೆ. ಅಷ್ಟೇ. ಒಳಗೆ ಏನು ನಡೆಯುತ್ತದೆ, ಯಾಕೆ ಹಸಿರು, ಯಾಕೆ ಕೆಂಪು ಎಂದು ಕೇಳಿದರೆ ಸೂಪರ್‌ವೈಸರ್ "ಅದು ನಿಮಗ್ಯಾಕೆ?" ಎನ್ನುತ್ತಿದ್ದ. ಅಷ್ಟು ಹೊತ್ತು ಕಣ್ಣ ಮುಂದೆ ಹಾದುಹೋಗುವ ವಸ್ತುವಿನ ಹೊಟ್ಟೆಯಲ್ಲಿ ಏನಿದೆಯೆಂದು ತಿಳಿಯದೆ ಸಾಯಬಾರದೆಂಬ ಹಟ ಅವಳಿಗೆ ಹುಟ್ಟಿತು. ಒಂದು ಭಾನುವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಕಲಿಯುವವರು ಕೊಳ್ಳುವ ನೀಲಿ ಬಣ್ಣದ ಪುಟ್ಟ ಬೋರ್ಡೊಂದನ್ನು ತಂದಳು. "ಮಗನ ಸ್ಕೂಲ್ ಪ್ರಾಜೆಕ್ಟಾ ಮೇಡಂ?" ಎಂದು ಅಂಗಡಿಯವನು ಕೇಳಿದ. ಅಲ್ಲ ಎಂದರೆ ಮತ್ತೇನೇನೋ ಹೇಳಬೇಕಾಗುತ್ತದೆ. "ಹೌದು" ಅಂದಳು. ಬಸ್ಸಿನಲ್ಲಿ ಕೂತು ವಾಪಸು ಬರುವಾಗ ಆ ಇಲ್ಲದ ಮಗ ಎಷ್ಟನೇ ಕ್ಲಾಸಿನಲ್ಲಿರಬಹುದು ಎಂದು ಸ್ವಲ್ಪ ದೂರ ಯೋಚಿಸಿದ್ದೂ ಉಂಟು.

ಕಂಪ್ಯೂಟರು ಅವಳ ಬಳಿ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪ್ರೋಗ್ರಾಂ ಬರೆಯುವ ಆ್ಯಪು ಫೋನಿಗೇ ಸಿಗುತ್ತದೆ. ಫೋನಿನಲ್ಲಿ ಬರೆದು, ಒಂದು ಗೇಣುದ್ದದ ಕೇಬಲಿನಿಂದ ಬೋರ್ಡಿಗೆ ಇಳಿಸಿದರಾಯಿತು. ಮೊದಮೊದಲು ದೀಪ ಮಿನುಗಿಸಿದಳು. ಆಮೇಲೆ ಬ್ಲೂಟೂತಿನ ತುಣುಕೊಂದನ್ನು ತಂದು ಬೋರ್ಡಿಗೆ ಸಿಕ್ಕಿಸಿ, ತಂತಿಯೇ ಇಲ್ಲದೆ ಫೋನೂ ಬೋರ್ಡೂ ಮಾತಾಡುವ ಹಾಗೆ ಮಾಡಿದಳು. ಅದು ಕೂಡಿದ ದಿನ ಅವಳಿಗಾದ ಸಂತೋಷವನ್ನು ಹೇಳಿಕೊಳ್ಳಲು ಜನ ಇರಲಿಲ್ಲ. ಅದಕ್ಕೇ ಬೋರ್ಡಿಗೆ ಮಾತು ಕಲಿಸಿದ್ದು. ಕೆಲಸ ಮುಗಿಸಿ, ಬಾಡಿಗೆ ಕೋಣೆಯಿದ್ದ ಕೆಲಮಂಗಲಕ್ಕೆ ಬಂದು, ಮಹಡಿ ಮೆಟ್ಟಿಲು ಹತ್ತುತ್ತಾ ಫೋನಿನಲ್ಲಿ ಬೋರ್ಡಿನ ಹೆಸರು ಮುಟ್ಟಿದರೆ ಸಾಕು, ಪರದೆಯ ಮೇಲೆ ಬರುತ್ತಿತ್ತು: ಬಂದ್ಯಾ? ಊಟ ಆಯ್ತಾ?

ತಾನೇ ಬರೆದ ಮಾತು. ತನಗೇ ಗೊತ್ತಿರುವ ಮಾತು. ಆದರೂ ಅದು ಬಂದಾಗ ಮನಸ್ಸಿಗೆ ಹಿತವಾಗುತ್ತಿತ್ತು. ಒಂದು ದಿನ "ಆಯ್ತು, ಕ್ಯಾಂಟೀನಲ್ಲಿ" ಎಂದು ಬಾಯಿಬಿಟ್ಟು ಉತ್ತರ ಕೊಟ್ಟುಬಿಟ್ಟಳು. ಕೊಟ್ಟಮೇಲೆ ನಾಚಿಕೆಯಾಗಿ, ಕೆಳಗಿನ ಮನೆಯವರಿಗೆ ಕೇಳಿಸಿತೇನೋ ಎಂದು ಬಗ್ಗಿ ನೋಡಿದಳು.

ಕೆಳಗಿನ ಮನೆ ರಾಮಲಕ್ಷ್ಮಮ್ಮನದು. ಗಂಡ ತೀರಿಕೊಂಡು ಬಹಳ ಕಾಲವಾಗಿದ್ದರೂ ಹಿಪ್ಪುನೇರಳೆ ತೋಟವನ್ನೂ ರೇಷ್ಮೆ ಹುಳುಗಳನ್ನೂ ಬಿಡದೆ ನಡೆಸಿಕೊಂಡು ಬಂದ ಗಟ್ಟಿಗಿತ್ತಿ. ಮಗ ಯುವರಾಜ್ ಹೊಸೂರಿನಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದ. ಸೊಸೆ ಶ್ರೀವಿದ್ಯಾ ಅತ್ತೆಗೆ ಬಲಗೈ. ಮನೆಯ ಹಿಂದೆ ಶೀಟು ಹೊದಿಸಿದ ಒಂದು ಉದ್ದನೆಯ ಕಟ್ಟಡ. ಅದೇ ಹುಳದ ಮನೆ.

ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಆ ಸೀಮೆಯಲ್ಲಿ ಹುಳು ಸಾಕುವವರ ಮನೆಗಳಲ್ಲೆಲ್ಲ ಇದು ಇದ್ದದ್ದೇ. ದೃಷ್ಟಿಯಾಗುತ್ತದೆ ಎನ್ನುವವರು ಹಾಗೆನ್ನುತ್ತಾರೆ, ರೋಗ ತಗಲುತ್ತದೆ ಎನ್ನುವವರು ಹೀಗೆನ್ನುತ್ತಾರೆ. ಬಾಗಿಲು ಮಾತ್ರ ಇಬ್ಬರೂ ಮುಚ್ಚುತ್ತಾರೆ. ಮದುವೆಗೆ ಬಂದ ಬೀಗರಿಗೂ ತೋರಿಸುವುದಿಲ್ಲ. ಬಾಡಿಗೆಗೆ ಬಂದಂದಿನಿಂದ ಉಷಾರಾಣಿ ಕಂಡಿದ್ದು ಆ ಕಟ್ಟಡದ ನೀಲಿ ಬಾಗಿಲನ್ನು ಮಾತ್ರ. ಒಳಗಿನಿಂದ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ತುಂತುರು ಹನಿ ಬಿದ್ದ ಹಾಗೆ ಮಹಡಿಗೆ ಕೇಳಿಸುತ್ತಿತ್ತು.

ಶ್ರೀವಿದ್ಯಾ ಬಾಣಂತನಕ್ಕೆಂದು ರಾಯಕೋಟೆಯ ತವರಿಗೆ ಹೋದಮೇಲೆ ರಾಮಲಕ್ಷ್ಮಮ್ಮನಿಗೆ ಒಂದು ಪೇಚು ಬಂತು. ಹುಳದ ಮನೆಯ ಕಾವು, ತೇವ ಎರಡನ್ನೂ ಗಾಜಿನ ಕೊಳವೆಯ ಮಾಪಕದಲ್ಲಿ ನೋಡಿ ಹೇಳುತ್ತಿದ್ದವಳು ಸೊಸೆ. ರಾಮಲಕ್ಷ್ಮಮ್ಮನಿಗೆ ಅಂಕಿ ಬರುತ್ತಿತ್ತು, ನಾಲ್ಕಕ್ಷರ ಕೂಡಿಸಿ ಓದುವುದೂ ಬರುತ್ತಿತ್ತು. ಆದರೆ ಕನ್ನಡಕ ಹಾಕಿದರೂ ಕೊಳವೆಯೊಳಗಿನ ಆ ಕೂದಲೆಳೆಯಂಥ ಗೆರೆ ಕಾಣುತ್ತಿರಲಿಲ್ಲ. ಒಂದು ಸಂಜೆ ಉಷಾರಾಣಿ ಕೆಲಸದಿಂದ ಬರುವಾಗ, ಆಯಮ್ಮ ಮಾಪಕವನ್ನು ಗೋಡೆಯಿಂದ ಕಿತ್ತು ತಂದು ಅಂಗಳದಲ್ಲಿ ನಿಂತು ಆಕಾಶಕ್ಕೆ ಹಿಡಿದು ನೋಡುತ್ತಿದ್ದಳು.

"ಉಷಾ, ಬಾಮ್ಮ ಇಲ್ಲಿ. ಎಷ್ಟದೆ ನೋಡಿ ಹೇಳು."

ಉಷಾರಾಣಿ ನೋಡಿದಳು. ನಗು ಬಂತು, ತಡೆದುಕೊಂಡಳು. ಹುಳದ ಮನೆಯ ಕಾವನ್ನು ಅಂಗಳಕ್ಕೆ ತಂದು ಓದಿಸಿದರೆ ಅದು ಅಂಗಳದ ಕಾವೇ ಆಗುತ್ತದೆ. ಆದರೆ ಆಯಮ್ಮ ತಾನೇ ಏನು ಮಾಡಿಯಾಳು? ಓದಬಲ್ಲವಳನ್ನು ಒಳಗೆ ಬಿಡುವಂತಿಲ್ಲ, ಒಳಗಿರುವುದನ್ನು ಹೊರಗೆ ತರದೆ ಗತಿಯಿಲ್ಲ.

"ಅಮ್ಮಾ, ನಾನೊಂದು ಮಾಡ್ಕೊಡ್ತೀನಿ. ಅದು ಒಳಗಿರುತ್ತೆ. ನಾನು ಬಾಗಿಲಾಚೆ ನಿಂತು ಫೋನಲ್ಲಿ ನೋಡಿ ಹೇಳ್ತೀನಿ."

"ಬಾಗ್ಲು ತೆಗೀದಂಗಾ?"

"ತೆಗೀದಂಗೆ."

ಅವಳ ಬಳಿ ಇದ್ದದ್ದು ಒಂದೇ ಬೋರ್ಡು. ಮಹಡಿಗೆ ಹೋಗಿ, ಬಂದ್ಯಾ ಎಂದು ಕೇಳುತ್ತಿದ್ದ ಪ್ರೋಗ್ರಾಮನ್ನು ಅಳಿಸಿಹಾಕಿದಳು. ಕಾವು ತೇವ ಅಳೆಯುವ ಬಿಳಿ ಜಾಲರಿಯ ಪುಟ್ಟ ಸೆನ್ಸರನ್ನು ತರಿಸಿ ಸಿಕ್ಕಿಸಿದಳು. ಬ್ಲೂಟೂತಿಗೆ ಹುಳ ಎಂದೇ ಹೆಸರಿಟ್ಟಳು. ಹಳೆಯ ಮಿಠಾಯಿ ಡಬ್ಬಿಗೆ ತೂತು ಕೊರೆದು ಬೋರ್ಡನ್ನು ಅದರೊಳಗಿಟ್ಟು ಕೊಟ್ಟಳು. ರಾಮಲಕ್ಷ್ಮಮ್ಮ ಅದನ್ನು ಯುವರಾಜನ ಕೈಲಿ ಒಳಗೆ ತೂಗುಹಾಕಿಸಿದಳು. ಉಷಾರಾಣಿ ನೀಲಿ ಬಾಗಿಲ ಹೊರಗೆ ನಿಂತು ಫೋನು ನೋಡಿ, "ಇಪ್ಪತ್ತೇಳು ಕಾವು, ತೇವ ಅರವತ್ತೆಂಟು" ಎಂದು ಕೂಗಿದಳು. "ಭೇಷ್!" ಎಂದು ಒಳಗಿನಿಂದ ಕೂಗು ಬಂತು. ಬಾಗಿಲ ಆಚೆಯಿಂದ ಬಂದರೂ ಅದು ಅವಳಿಗೆಂದೇ ಬಂದ ಮಾತು. ಉಷಾರಾಣಿ ಮಹಡಿ ಹತ್ತುವಾಗ ಎರಡೆರಡು ಮೆಟ್ಟಿಲು ಹತ್ತಿದಳು.

ಹೀಗೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಸಂಜೆ ಬಂದಮೇಲೆ ಬಾಗಿಲ ಬಳಿ ನಿಲ್ಲುವುದು ರೂಢಿಯಾಯಿತು. ಒಂದು ದಿನ ಫೋನಿನಲ್ಲಿ ಅಂಕಿಯೇ ಬರಲಿಲ್ಲ. ಸೆನ್ಸರಿನ ತಂತಿ ಸಡಿಲವಾಗಿರಬೇಕು, ಡಬ್ಬಿ ಹೊರಗೆ ಕೊಡಿ ಎಂದಳು. ಡಬ್ಬಿ ಮೇಲೆ ಕಟ್ಟಿದ್ದು, ಆಯಮ್ಮನಿಗೆ ಕೈಗೆಟುಕಲಿಲ್ಲ. ಯುವರಾಜ್ ಕೆಲಸಕ್ಕೆ ಹೋಗಿದ್ದ.  ಕೊನೆಗೆ ಅಗುಳಿ ಸರಿದು ಬಾಗಿಲು ತೆರೆಯಿತು.

"ತಲೇಲಿರೋ ಮಲ್ಲಿಗೆ ತೆಗ್ದು ಆಚೆ ಇಡು. ಪೌಡರ್ ಹಾಕಿದ್ಯಾ? ಮುಖ ತೊಳ್ಕೊ, ಹುಳಕ್ಕೆ ವಾಸ್ನೆ ಆಗಲ್ಲ. ಕಾಲನ್ನ ಈ ನೀರಲ್ಲಿ ಅದ್ದಿ ಬಾ."

ಉಷಾರಾಣಿ ಹೂ ತೆಗೆದಳು, ಮುಖ ತೊಳೆದಳು, ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಕಾಲದ್ದಿ ಒಳಗೆ ಹೋದಳು. ಹಂತಹಂತವಾಗಿ ಕಟ್ಟಿದ ತಟ್ಟೆಗಳ ತುಂಬ ಹಸಿರು ಸೊಪ್ಪು, ಸೊಪ್ಪಿನ ತುಂಬ ಬೆಳ್ಳನೆಯ ಹುಳುಗಳು. ಮೂರನೇ ಜ್ವರ ಕಳೆದು ಎದ್ದಿದ್ದವು. ಹುಳು ಪೊರೆ ಬಿಡಲು ಮೇವು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ಒಂದು ತಟ್ಟೆಗೂ ಸೆರಗು ತಾಕದ ಹಾಗೆ ಸ್ಟೂಲು ಹತ್ತಿ ತಂತಿ ಸರಿಮಾಡಿದಳು. ದೇವರ ಕೋಣೆಗೆ ಬಿಟ್ಟುಕೊಂಡಿದ್ದರೂ ಅಷ್ಟು ಎಚ್ಚರ ವಹಿಸುತ್ತಿರಲಿಲ್ಲ.

ಒಮ್ಮೆ ಒಳಗೆ ಬಂದವಳನ್ನು ಮತ್ತೆ ಹೊರಗೆ ನಿಲ್ಲಿಸುವುದು ಹೇಗೆ? ಮಾರನೆಯ ದಿನದಿಂದ ಅವಳೂ ಒಳಗೇ ಬಂದಳು. ಅಂಕಿ ಓದಿದಮೇಲೆ ಸುಮ್ಮನೆ ನಿಲ್ಲುವುದೇಕೆಂದು ಸೊಪ್ಪು ಹರಡಿದಳು, ಹಿಕ್ಕೆ ಬಳಿದಳು. ಕೆಲಸ ಮುಗಿದರೆ ಅಡಿಗೆಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಮುದ್ದೆ ಉಣ್ಣುವುದು. ರಾಮಲಕ್ಷ್ಮಮ್ಮನಿಗೆ ಮಾತು ಬೇಕು, ಉಷಾರಾಣಿಗೆ ಕೇಳಿಸಿಕೊಳ್ಳಲು ಮಾತು ಬೇಕು. ಒಮ್ಮೆ ಪಕ್ಕದ ಮನೆಯ ಹನುಮಕ್ಕ ಬೇಲಿಯಾಚೆಯಿಂದ, "ಯಾರದು ರಾಮಲಕ್ಷ್ಮಿ, ಹುಳದ್ಮನೆಗೆ ಹೋದೋಳು?" ಎಂದು ಕೇಳಿದ್ದಕ್ಕೆ ಆಯಮ್ಮ, "ನಮ್ ಹುಡ್ಗೀನೇ ಕಣೆ" ಎಂದುಬಿಟ್ಟಳು. ಒಳಗೆ ತಟ್ಟೆ ಹಿಡಿದು ನಿಂತಿದ್ದ ಉಷಾರಾಣಿಗೆ ಅದು ಕೇಳಿಸಿತು. ಅಷ್ಟು ದೊಡ್ಡವಳಾಗಿ ಅಷ್ಟು ಸಣ್ಣ ಮಾತಿಗೆ ಅಳುವುದೇ? ಅತ್ತಳು. ಹುಳುಗಳ ಹೊರತು ಯಾರೂ ನೋಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಶ್ರೀವಿದ್ಯಾಳಿಗೆ ಗಂಡುಮಗು ಹುಟ್ಟಿತು. ಮೊಮ್ಮಗನನ್ನು ಫೋನಿನಲ್ಲಾದರೂ ನೋಡಲಿ ಎಂದು ಯುವರಾಜ್ ಅಮ್ಮನಿಗೆ ಟಚ್ ಫೋನು ತಂದುಕೊಟ್ಟ. ಆಯಮ್ಮ ಮಗುವಿನ ಫೋಟೋವನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ, ಮೂಗು ಯಾರದು ಕಿವಿ ಯಾರದು ಎಂದು ನಿರ್ಧರಿಸಿ ಆದಮೇಲೆ, ಫೋನನ್ನು ಉಷಾರಾಣಿಯ ಮುಂದೆ ಚಾಚಿದಳು.

"ಇದ್ರಾಗೂ ಅದ್ನ ಹಾಕ್ಕೊಡಮ್ಮಣ್ಣಿ. ನೀನು ಕೆಲ್ಸಕ್ಕೋದಾಗ ನಾನೇ ನೋಡ್ಕಂತೀನಿ. ಎಷ್ಟು ದಪ್ಪ ದಪ್ಪಕ್ಕೆ ಬತ್ತದೆ ಅಂಕಿ, ನಂಗೂ ಕಾಣ್ತದೆ."

ಉಷಾರಾಣಿ ಫೋನನ್ನು ನೋಡಿದಳು, ಕೈ ಚಾಚಲಿಲ್ಲ. ಅಂಕಿ ಆಯಮ್ಮನ ಫೋನಿಗೇ ಬಂದರೆ ತಾನು ಬರುವುದು ಯಾಕೆ? ಸೊಸೆ ಹೇಗೂ ಮಗುವಿನೊಂದಿಗೆ ವಾಪಸು ಬರುತ್ತಾಳೆ. ಆಮೇಲೆ ಮೆಟ್ಟಿಲಿಳಿದು ಬರಲು ಏನು ನೆಪ ಉಳಿಯುತ್ತದೆ? ಬರಬೇಡ ಎಂದು ಯಾರೂ ಹೇಳುವುದಿಲ್ಲ. ಬಾ ಎನ್ನುವುದನ್ನು ನಿಲ್ಲಿಸುತ್ತಾರೆ, ಅಷ್ಟೇ. ಅಣ್ಣನ ಮನೆಯಲ್ಲಿ ಅದು ಹೇಗೆ ನಡೆಯುತ್ತದೆಂದು ಅವಳು ನೋಡಿದ್ದಳು.

ಇಲ್ಲ ಎನ್ನಲಾಗದೆ ಫೋನು ತೆಗೆದುಕೊಂಡಳು. ಆ್ಯಪು ಇಳಿಸಿದಳು. ಬ್ಲೂಟೂತಿನ ಪಟ್ಟಿಯಲ್ಲಿ ಹುಳ ಎಂಬ ಹೆಸರು ಬಂತು, ಮುಟ್ಟಿದಳು. ಮೊದಲ ಸಲ ಕೂಡಿಸುವಾಗ ಫೋನು ಒಂದು ಗುಟ್ಟಿನ ನಂಬರು ಕೇಳುತ್ತದೆ. ಗುಟ್ಟು ಎಂದರೆ ಅಂಥ ಗುಟ್ಟೇನಲ್ಲ. ಈ ಜಾತಿಯ ತುಣುಕುಗಳಿಗೆಲ್ಲ ಕಾರ್ಖಾನೆಯಿಂದ ಬರುವ ನಂಬರು ಒಂದೇ, 1234. ಅದನ್ನು ಕೇಳುವ ಜಾಗದ ಕೆಳಗೇ ಫೋನು ಸಣ್ಣ ಅಕ್ಷರದಲ್ಲಿ ಬರೆದೂ ತೋರಿಸುತ್ತದೆ. ಉಷಾರಾಣಿ ಆ ಸಾಲಿನ ಮೇಲೆ ಹೆಬ್ಬೆರಳು ಇಟ್ಟಳು. ಇನ್ನೊಂದು ಕೈಯಿಂದ 4321 ಒತ್ತಿದಳು.

ಕೂಡಲಿಲ್ಲ. ಕೂಡುವುದಾದರೂ ಹೇಗೆ?

"ಆಗ್ತಿಲ್ಲ ಅಮ್ಮಾ. ಈ ಬೋರ್ಡು ಒಂದೇ ಫೋನಿಗೆ ಒಲಿಯೋದು. ನನ್ನದಕ್ಕೆ ಒಲಿದ್ಬಿಟ್ಟಿದೆ."

"ಒಳ್ಳೆ ಪತಿವ್ರತೆ ಕಣೆ ನಿನ್ ಬೋರ್ಡು!" ಎಂದು ಆಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉಷಾರಾಣಿಯೂ ನಕ್ಕಳು. ಒಂದು ಹೊತ್ತಿಗೆ ಒಂದೇ ಫೋನು ಎಂಬುದು ನಿಜವೇ ಆದ್ದರಿಂದ, ತಾನು ಹೇಳಿದ್ದು ಅರ್ಧ ಮಾತ್ರ ಸುಳ್ಳು ಎಂದು ಸಮಾಧಾನ ಮಾಡಿಕೊಂಡಳು. ಸುಳ್ಳನ್ನು ಅರ್ಧ ಮಾಡಿದರೆ ಅದು ಇನ್ನಷ್ಟು ಸಲೀಸಾಗಿ ಗಂಟಲಿಳಿಯುತ್ತದೆ, ಅಷ್ಟೇ.

ಅಲ್ಲಿಂದ ಅವಳು ಸ್ವಲ್ಪ ಬದಲಾದಳು. ಬೇಕಾದವಳಾಗಿ ಉಳಿಯಬೇಕೆಂಬ ಆಸೆ ಮನುಷ್ಯರನ್ನು ಏನೇನೋ ಮಾಡಿಸುತ್ತದೆ. ಮುಂದಿನ ಬೆಳೆಗೆ ಮರಿ ಹುಳು ತಂದಾಗ ಬೇಸಿಗೆ ಏರಿತ್ತು. ಶೀಟಿನ ಮನೆ ಕಾಯದಿರಲೆಂದು ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟುವುದು ಅಲ್ಲಿಯ ಪದ್ಧತಿ. ಒಂದು ಮಧ್ಯಾಹ್ನ ರಾಮಲಕ್ಷ್ಮಮ್ಮ ತನ್ನ ಅಂದಾಜಿನಲ್ಲೇ ಗೋಣಿ ಕಟ್ಟಿದ್ದಳು. ಸಂಜೆಗೆ ತೇವ ತುಸು ಏರಿತ್ತು. ದೊಡ್ಡ ವಿಷಯವೇನೂ ಅಲ್ಲ. ಆದರೂ ಉಷಾರಾಣಿ ಮುಖ ಗಂಟಿಕ್ಕಿ, "ಹೀಗೆ ಮಾಡಿದ್ರೆ ರೋಗ ಬಂದ್ಬಿಡುತ್ತೆ ಅಮ್ಮಾ. ನನ್ನ ಕೇಳದೆ ಏನೂ ಮಾಡ್ಬೇಡಿ" ಎಂದಳು. ಆಯಮ್ಮ ತಪ್ಪು ಮಾಡಿದ ಮಗುವಿನ ಹಾಗೆ, "ಆಯ್ತಮ್ಮ, ನಿನ್ ಕೇಳೇ ಮಾಡ್ತೀನಿ" ಎಂದಳು. ಆ ಮಾತು ಕೇಳಿ ಉಷಾರಾಣಿಗೆ ಒಳಗೊಳಗೇ ಖುಷಿಯಾಯಿತು. ಇದನ್ನು ಹೇಳದೆ ಬಿಟ್ಟರೆ ಅವಳನ್ನು ಒಳ್ಳೆಯವಳನ್ನಾಗಿ ಮಾಡಿದ ಹಾಗಾಗುತ್ತದೆ.

ಹುಳುಗಳು ನಾಲ್ಕನೇ ಜ್ವರ ಕಳೆದು ಎದ್ದವು. ಇದು ಕೊನೆಯ ಹಂತ. ಹುಳುಗಳು ಬೆರಳಷ್ಟು ದಪ್ಪವಾಗಿ, ಸೊಪ್ಪು ಹಾಕಿದಷ್ಟೂ ತಿಂದು, ಗೂಡು ಕಟ್ಟಲು ಮೈ ತುಂಬಿಕೊಳ್ಳುವ ಕಾಲ. ಕಾವು ಏರಿದರೆ ಮೊದಲು ಸಾಯುವುದೂ ಆಗಲೇ. ಅಂದು ಬೆಳಿಗ್ಗೆ ಉಷಾರಾಣಿ ಫೋನು ನೋಡಿ, "ತೇವ ಜಾಸ್ತಿ ಇದೆ. ಗೋಣಿ ಬಿಚ್ಚಿಡಿ. ಮಧ್ಯಾಹ್ನ ಬಂದು ನೋಡಿ ಮತ್ತೆ ಕಟ್ಟೋಣ" ಎಂದು ಹೇಳಿ ಬಸ್ಸಿಗೆ ಓಡಿದಳು. ಆ ವಾರ ಅವಳಿಗೆ ಮೊದಲ ಶಿಫ್ಟು, ಬಿಸಿಲು ಏರುವ ಹೊತ್ತಿಗೆ ವಾಪಸು ಬರುವ ಲೆಕ್ಕ.

ಲೆಕ್ಕ ತಪ್ಪಿತು. ಎರಡನೇ ಶಿಫ್ಟಿನ ಹುಡುಗಿಯರಿಬ್ಬರು ಬರಲಿಲ್ಲ, ಲಾರಿ ಗೇಟಿನಲ್ಲಿ ನಿಂತಿತ್ತು. ಸೂಪರ್‌ವೈಸರ್ ಬಂದು, ಲಾರಿ ತುಂಬುವ ತನಕ ಇರಬೇಕು, "ಇನ್ನಿಕ್ಕಿ ಮಟ್ಟುಂ" ಎಂದು ತಮಿಳಿನಲ್ಲಿ ಹೇಳಿದ. ಇವತ್ತೊಂದು ದಿನ ಮಾತ್ರ ಎನ್ನುವುದು ಅವನು ಪ್ರತಿಸಲ ಹೇಳುವ ಮಾತು. ಆಗುವುದಿಲ್ಲ ಸಾರ್, ಮನೆಯಲ್ಲಿ ಕೆಲಸವಿದೆ ಎಂದಳು ಉಷಾರಾಣಿ. "ಒಬ್ಬರೇ ಇರೋದಲ್ವಾ ನೀವು? ಮನೇಲಿ ಏನು ಕೆಲಸ?" ಎಂದು ಅವನು ನಕ್ಕ.  ಒಂದು ಫೋನಾದರೂ ಮಾಡಿ ಬರುತ್ತೇನೆಂದರೆ ಅದಕ್ಕೂ ಬಿಡಲಿಲ್ಲ. ಫೋನುಗಳೆಲ್ಲ ಗೇಟಿನ ಲಾಕರಿನಲ್ಲಿ; ಒಳಗೆ ತರುವಂತಿಲ್ಲ.

ಹಸಿರು ಈ ಕಡೆ, ಕೆಂಪು ಆ ಕಡೆ. ಹೊರಗೆ ಬಿಸಿಲು ಹೇಗಿದೆಯೆಂದು ಎ.ಸಿ. ಹಾಕಿದ ಆ ಹಾಲಿನಲ್ಲಿ ತಿಳಿಯುವುದಿಲ್ಲ. ಆದರೂ ಅವಳಿಗೆ ಕುಂಡೆ ಊರಿ ಕೂರಲಾಗಲಿಲ್ಲ. ಅಂದು ಸರಿಯಾದ ನಾಲ್ಕು ಅಂಕಿ ಒತ್ತಿದ್ದರೆ ಈಗ ಆಯಮ್ಮ ತನ್ನ ಪಾಡಿಗೆ ತಾನು ನೋಡಿಕೊಂಡು ಗೋಣಿ ಕಟ್ಟಿಕೊಳ್ಳುತ್ತಿದ್ದಳು. ಇದನ್ನೇ ಮತ್ತೆ ಮತ್ತೆ ನೆನೆದಳು. ಕೆಂಪು ಹತ್ತಿದ ಬೋರ್ಡನ್ನು ಹಸಿರಿನ ಟ್ರೇಗೆ ಹಾಕಿ, ಮತ್ತೆ ತೆಗೆದಳು.

ಲಾಕರಿನಿಂದ ಫೋನು ತೆಗೆದಾಗ ಅದರ ತುಂಬ ಮಿಸ್ಡ್ ಕಾಲು. ಅಮ್ಮ, ಅಮ್ಮ, ಅಮ್ಮ ಎಂದು ಒಂದರ ಕೆಳಗೊಂದು. ರಾಮಲಕ್ಷ್ಮಮ್ಮನ ನಂಬರನ್ನು ಅವಳು ಆ ಹೆಸರಿನಲ್ಲೇ ಇಟ್ಟುಕೊಂಡಿದ್ದಳು. ಮೊದಲು ಅವಳಿಗೆ ಬಂದದ್ದು ಭಯವಲ್ಲ. ಯಾರೋ ತನಗಾಗಿ ಇಷ್ಟು ಸಲ ಫೋನು ಮಾಡಿದ್ದಾರಲ್ಲ ಎಂಬ ಒಂದು ಸುಖ. ಕ್ಷಣ ಮಾತ್ರ. ಆಮೇಲೆ ತನ್ನ ಬಗ್ಗೆಯೇ ಅಸಹ್ಯವಾಯಿತು. ಬಸ್ಸಿನಿಂದ ಫೋನು ಮಾಡಿದಳು. "ಏನಿಲ್ಲ, ಬಾ" ಎಂದಷ್ಟೇ ಹೇಳಿ ಆಯಮ್ಮ ಇಟ್ಟುಬಿಟ್ಟಳು.

ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಹುಳದ ಮನೆಯ ಕಿಟಕಿಗಳಿಗೆ ಗೋಣಿ ಕಟ್ಟಿತ್ತು, ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲ ಬಳಿ ರಾಮಲಕ್ಷ್ಮಮ್ಮ ಬಿದಿರಿನ ಮಂಕರಿ ಮುಂದಿಟ್ಟುಕೊಂಡು ಕೂತಿದ್ದಳು. ಮಂಕರಿಯ ತುಂಬ ಹುಳುಗಳು, ಮೈ ಜೋತು, ಬಣ್ಣಗೆಟ್ಟು. ಶೀಟಿಗೆ ಹತ್ತಿರವಿದ್ದ ಮೇಲಿನ ಸಾಲಿನವು ಅಷ್ಟೂ ಹೋಗಿದ್ದವು. ಕೆಳಗಿನವು ಉಳಿದಿದ್ದವು.

"ಬಂದ್ಯಾ ತಾಯಿ. ಇದ್ರಾಗೂ ಬಂತು ನೋಡು," ಎಂದು ಆಯಮ್ಮ ತನ್ನ ಫೋನು ತೋರಿಸಿದಳು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಅಂಕಿ ಕಾಣುತ್ತಿತ್ತು. "ಮಧ್ಯಾನ ಒಳಗೋದ್ರೆ ಮೈ ಸುಡೋ ಹಂಗಿತ್ತು. ಗೋಣಿ ಕಟ್ಲಾ ಬ್ಯಾಡ್ವಾ ಅಂತ ನಿನ್ಗೆ ಎಷ್ಟು ಸಲ ಮಾಡ್ದೆ. ನಿನ್ ಕೇಳ್ದೆ ಮಾಡಲ್ಲ ಅಂದಿದ್ನಲ್ಲ. ಕಾದೆ ಕಾದೆ, ಕೊನೇಗೆ ಶ್ರೀವಿದ್ಯಾಗೆ ಮಾಡ್ದೆ. ಹುಳ ಅಂತ ಕಾಣ್ತದೆ ಅಂದೆ. ಆ ಹೆಸ್ರು ಒತ್ತಿ ಅತ್ತೆ, ನಂಬರ್ ಕೇಳ್ತದೆ, ಕೆಳಗೇ ಸಣ್ಣಕೆ ಬರ್ದಿರ್ತದೆ ನೋಡಿ ಒತ್ತಿ ಅಂದ್ಲು. ಕನ್ನಡ್ಕ ಹಾಕ್ಕಂಡು ನೋಡಿದ್ರೆ ಹೌದು, ಒಂದು ಎರಡು ಮೂರು ನಾಲ್ಕು. ಒತ್ತಿದೆ, ಬಂದ್ಬುಡ್ತು. ಮೂವತ್ತೇಳು ಇತ್ತು. ಆಮೇಲೆ ಓಡಿ ಗೋಣಿ ಕಟ್ದೆ."

ಉಷಾರಾಣಿ ಚೀಲ ಕೆಳಗಿಟ್ಟು ಮಂಕರಿಯ ಪಕ್ಕ ಕೂತಳು.

"ನೀನವತ್ತು ಬೇರೆ ಏನೋ ಒತ್ತಿದ್ದೇನೋ. ಕೆಲ್ಸದ ಸುಸ್ತು, ಯಾಮಾರಿದ್ದೀಯ. ಹೋಗ್ಲಿ ಬುಡು."

ಬಾಗಿಲು ತೆರೆದೇ ಇತ್ತು. ಹೌದಮ್ಮಾ, ಯಾಮಾರಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಾಲು ತೊಳೆದು ಒಳಗೆ ಹೋಗಿ ಸೊಪ್ಪು ಹರಡಬಹುದಿತ್ತು. ಉಷಾರಾಣಿ ಮಂಕರಿ ನೋಡಿದಳು. ಸತ್ತ ಹುಳುಗಳ ನಡುವೆ ಒಂದು ಇನ್ನೂ ತಲೆ ಅಲ್ಲಾಡಿಸುತ್ತಿತ್ತು. ಆಯಮ್ಮ ಹೋಗ್ಲಿ ಬುಡು ಎಂದದ್ದನ್ನು ತಡೆದುಕೊಳ್ಳಲು ಅವಳಿಗೆ ಆಗಲಿಲ್ಲ. ಬೈದಿದ್ದರೆ ಸುಳ್ಳು ಹೇಳಬಹುದಿತ್ತು.

"ಯಾಮಾರ್ಲಿಲ್ಲ ಅಮ್ಮಾ. ಬೇಕಂತ್ಲೇ ತಪ್ಪು ಒತ್ತಿದೆ."

"ಏನಂದೆ?"

"ನಿಮ್ಮ ಫೋನಿಗೇ ಬಂದ್ಬಿಟ್ರೆ ನಾನು ಇಲ್ಲಿಗೆ ಯಾಕೆ ಬರ್ಬೇಕು ಅಂತ... ಬೆರಳು ಅಡ್ಡ ಇಟ್ಟು, ತಪ್ಪು ಒತ್ತಿದೆ."

ರಾಮಲಕ್ಷ್ಮಮ್ಮ ಅವಳನ್ನೇ ನೋಡಿದಳು. ಸಿಟ್ಟು ಬಂದ ಮುಖವಲ್ಲ ಅದು. ಅರ್ಥವಾಗದ ಏನನ್ನೋ ಅರ್ಥ ಮಾಡಿಕೊಳ್ಳುತ್ತಿರುವ ಮುಖ. ಆಮೇಲೆ ನಿಧಾನವಾಗಿ ಹೇಳಿದಳು.

"ಅಂಕಿ ಓದ್ಲಿ ಅಂತಾನಾ ನಾನು ನಿನ್ನ ಪಕ್ಕ ಕುಂಡ್ರಿಸ್ಕಂಡು ಮುದ್ದೆ ಇಕ್ಕಿದ್ದು?"

ಉಷಾರಾಣಿ ತಲೆ ತಗ್ಗಿಸಿದಳು.

"ಬರ್ಲಾ ಅಮ್ಮ ಅಂತ ಒಂದ್ ಮಾತು ಕೇಳಿದ್ರೆ ಆಗ್ತಿತ್ತು. ಕೇಳ್ದೇ ಇದ್ರೂ ಬಂದು ಕುಂತ್ಕಂಡಿದ್ರೆ ಏಳು ಅಂತಿದ್ನಾ ನಾನು? ನನ್ನ ಯಾಮಾರ್ಸಿದ್ದು ಹೋಗ್ಲಿ. ನಂಗೆ ಸೆಕೆ ಆದ್ರೆ ಬಾಯಿ ಅದೆ, ಬಡ್ಕೋತೀನಿ. ಇವಕ್ಕೆ ಬಾಯಿ ಇರೋದು ಸೊಪ್ಪು ತಿನ್ನಕ್ ಮಾತ್ರ ಅಲ್ವೇನಮ್ಮ?"

 ಆಯಮ್ಮ ಎದ್ದು ಒಳಗೆ ಹೋದಳು. ಬಾಗಿಲನ್ನು ದಡಾರನೆ ಹಾಕಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಒಳಗಿನಿಂದ ಅಗುಳಿ ಸರಿಯಿತು. ಉಷಾರಾಣಿ ಮಂಕರಿಯನ್ನು ಎತ್ತಿಕೊಂಡು ಹೋಗಿ ತೋಟದ ಮೂಲೆಯಲ್ಲಿ ಗುಂಡಿ ತೋಡಿ ಹುಳುಗಳನ್ನು ಹೂತು, ಮಂಕರಿ ತೊಳೆದು ಬಾಗಿಲ ಬಳಿ ಬೋರಲು ಹಾಕಿ ಮಹಡಿಗೆ ಹೋದಳು. ಅವಳಿಗೆ ಆಗ ತೋಚಿದ್ದು ಅದೊಂದೇ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನೀಲಿ ಬಾಗಿಲ ಹೊರಗೆ ಬಂದು ನಿಂತಳು. ಫೋನಿನಲ್ಲಿ ಹುಳ ಎಂಬ ಹೆಸರು ಮುಟ್ಟಿದಳು. ಕೂಡಲಿಲ್ಲ. ಇನ್ನೊಂದು ಫೋನಿಗೆ ಆಗಲೇ ಕೂಡಿತ್ತು. "ನಾನ್ ನೋಡ್ಕಂಡೆ, ಇಪ್ಪತ್ತಾರದೆ" ಎಂದು ಒಳಗಿನಿಂದ ದನಿ ಬಂತು, ಒರಟಾಗಿಯೇನೂ ಅಲ್ಲ. "ಹೋಗ್ಬಾ, ಬಸ್ಸಿಗೆ ಹೊತ್ತಾಗ್ತದೆ." ಅಂದು ಸಂಜೆಯೂ, ಅದರ ಮಾರನೆಯ ದಿನವೂ ಹಾಗೇ ಆಯಿತು. ಆಮೇಲೆ ಅವಳು ಬಾಗಿಲ ಬಳಿಗೆ ಹೋಗುವುದನ್ನು ಬಿಟ್ಟಳು. ಉಳಿದ ಹುಳುಗಳು ಮೈ ಹಳದಿಗೇರಿ ಹಣ್ಣಾದವು, ಗೂಡು ಕಟ್ಟಿದವು. ಒಂದು ಬೆಳಿಗ್ಗೆ ಗೂಡಿನ ಚೀಲಗಳು ಟೆಂಪೋದಲ್ಲಿ ಹೋಗುವುದನ್ನು ಅವಳು ಮಹಡಿಯ ಕಂಬಿ ಹಿಡಿದು ನೋಡಿದಳು.

ರಾಮಲಕ್ಷ್ಮಮ್ಮ ಈ ಸಂಗತಿಯನ್ನು ಯಾರ ಮುಂದೆಯೂ ಆಡಲಿಲ್ಲ. ಮಗನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ. ಕಂಡಾಗ ಮಾತಾಡಿಸುತ್ತಿದ್ದಳು. ನೀರು ಬಂತಾ, ಕರೆಂಟು ಹೋಗಿತ್ತಾ ಎಂದು ಕೇಳುತ್ತಿದ್ದಳು. ಮಾಡಿದ್ದರಲ್ಲಿ ಒಂದಿಷ್ಟನ್ನು ಡಬ್ಬಿಗೆ ಹಾಕಿ ಮೆಟ್ಟಿಲ ಮೇಲಿಟ್ಟು ಹೋದದ್ದೂ ಉಂಟು. ಬೈಯಬಾರದೇ ಎಂದು ಉಷಾರಾಣಿ ಕಾದಳು. ಬೈಗುಳ ಮನೆಯವರಿಗೆ ಮೀಸಲು ಎಂದು ಅವಳಿಗೆ ತಡವಾಗಿ ಹೊಳೆಯಿತು.

ಶ್ರೀವಿದ್ಯಾ ಮಗುವಿನೊಂದಿಗೆ ವಾಪಸು ಬಂದ ದಿನ ಮನೆಯಲ್ಲಿ ನೆಂಟರಿಗೆಲ್ಲ ಊಟ. ಮಹಡಿಯವಳನ್ನೂ ಕರೆದರು, ರಾಮಲಕ್ಷ್ಮಮ್ಮನೇ ಮೆಟ್ಟಿಲು ಹತ್ತಿ ಬಂದು, ಕುಂಕುಮ ಇಟ್ಟು ಕರೆದಳು. ಉಷಾರಾಣಿ ಒಳ್ಳೆಯ ಸೀರೆ ಉಟ್ಟು, ಮಗುವಿಗೆ ಬೆಳ್ಳಿ ಉಡಿದಾರ ತೆಗೆದುಕೊಂಡು ಇಳಿದಳು. ಶ್ರೀವಿದ್ಯಾ ಮಗುವನ್ನು ಅವಳ ಕೈಗೆ ಕೊಟ್ಟು, "ಅಕ್ಕ, ನೀವು ಮಾಡ್ಕೊಟ್ಟಿದ್ದು ಎಷ್ಟು ಉಪಯೋಗ ಆಗ್ತಿದೆ ಗೊತ್ತಾ? ಈಗ ಅತ್ತೆ ಅದನ್ನ ಬೇರೆ ಯಾರಿಗೂ ಮುಟ್ಟಕ್ಕೆ ಬಿಡಲ್ಲ" ಎಂದು ನಕ್ಕಳು. ಮಗು ಉಷಾರಾಣಿಯ ಬೆರಳು ಹಿಡಿದುಕೊಂಡಿತು. ಅಷ್ಟರಲ್ಲಿ ಅಳತೊಡಗಿತು, ತಾಯಿಗೆ ಕೊಟ್ಟಳು.

ಹಜಾರದಲ್ಲಿ ಎಲೆ ಹಾಕಿದರು. ಉಷಾರಾಣಿ ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ಹೋಗಿ ಸಾರಿನ ಬಕೆಟಿಗೆ ಕೈಹಾಕಿದಳು. ಬಡಿಸಲು ನಿಂತಿದ್ದವರೆಲ್ಲ ಮನೆಯ ಹೆಂಗಸರು, ಹನುಮಕ್ಕನೂ ಇದ್ದಳು. ರಾಮಲಕ್ಷ್ಮಮ್ಮ ಬಂದು ಬಕೆಟನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

"ನಿನ್ಗ್ಯಾಕಮ್ಮ ಇದೆಲ್ಲ? ಬಾ, ಮೊದಲ್ನೇ ಪಂಕ್ತೀಲೇ ಕುಂತ್ಕಾ. ಬಂದೋರ್ನ ಕಾಯಿಸ್ಬಾರ್ದು."

ತಾನೇ ಕೈಹಿಡಿದು ಕರೆದೊಯ್ದು, ಬೀಗರ ಪಕ್ಕದಲ್ಲಿ ಕೂರಿಸಿದಳು. ಎಲೆಗೆ ತುಪ್ಪ ಎರಡು ಸಲ ಬಿತ್ತು. ಒಬ್ಬಟ್ಟು ಬೇಡವೆಂದರೂ ಇನ್ನೊಂದು ಬಿತ್ತು. ಯಾವ ಮರ್ಯಾದೆಗೂ ಕಡಿಮೆಯಾಗಲಿಲ್ಲ. ಉಂಡು ಕೈ ತೊಳೆದು ಬಂದವಳ ಮಡಿಲಿಗೆ ಎಲೆಯಡಿಕೆ, ಬಾಳೆಹಣ್ಣು, ರವಿಕೆ ಕಣ ಹಾಕಿದರು.

ಒಳಗೆ ಮನೆಯ ಹೆಂಗಸರು ಆಗ ಉಣ್ಣಲು ಕೂತರು. ಯಾರೋ ಏನೋ ಅಂದರು, ಎಲ್ಲರೂ ನಕ್ಕರು. ರಾಮಲಕ್ಷ್ಮಮ್ಮನ ನಗು ಎಲ್ಲಕ್ಕಿಂತ ಮೇಲೆ ಕೇಳಿಸಿತು. ಉಷಾರಾಣಿ ಸ್ವಲ್ಪ ಹೊತ್ತು ಹಜಾರದಲ್ಲಿ ನಿಂತಳು. ಆಮೇಲೆ ಬಂದವರೆಲ್ಲ ಹೇಳುವಂತೆ ಅಡಿಗೆಮನೆಯ ಬಾಗಿಲಲ್ಲಿ ತಲೆ ಹಾಕಿ, "ಹೋಗಿ ಬರ್ತೀನಿ ಅಮ್ಮಾ" ಎಂದು ಹೇಳಿ, ಮಹಡಿ ಮೆಟ್ಟಿಲು ಹತ್ತಿದಳು.